ಎಪ್ಪತ್ತೊಂದರ ಅಜ್ಜ ಕೊಟ್ಟ ಧೈರ್ಯ

ಕಳೆದ ಶನಿವಾರ ಯೊಕೊಹಾಮಾದ ಒಂದು ಚಿಕ್ಕ ಸ್ಟುಡಿಯೋದಲ್ಲಿ ಜಪಾನಿನ ನೃತ್ಯಪ್ರಕಾರ ಬುಟೋದಲ್ಲಿ ನನ್ನ ಮೊದಲ ಏಕವ್ಯಕ್ತಿ ಪ್ರದರ್ಶನ ಮುಗಿಯಿತು. ಅರವತ್ತರ ಹತ್ತಿರ ಬಂದ, ಎಡಮಂಡಿ ನೋವಿನ ಹೆಂಗಸು ಒಬ್ಬಳೇ ಕುಣಿದಳು. ಜನ ಎದ್ದು ಹೋಗಲಿಲ್ಲ. ಇದಕ್ಕೆ ಕಾರಣರಾದವರು ತುಂಬಾ ಮಂದಿ. ಅವರಿಗೆಲ್ಲ ಥ್ಯಾಂಕ್ಸ್ ಹೇಳಲೇಬೇಕು.

ಮೊದಲ ನಮಸ್ಕಾರ ನಾನು ಕಣ್ಣಾರೆ ನೋಡದ ಬುಟೋ ನರ್ತಕ ಕಜುವೊ ಒನೊ ಅವರಿಗೆ. 1906ರಲ್ಲಿ ಹಕೊಡಾಟೆಯಲ್ಲಿ ಹುಟ್ಟಿದವರು. 1929ರಲ್ಲಿ, ಇನ್ನೂ ಓದುತ್ತಿದ್ದಾಗ, ಟೋಕಿಯೊದಲ್ಲಿ ಸ್ಪೇನಿನ ನರ್ತಕಿ ಲಾ ಅರ್ಜೆಂಟೀನಾ ಅವರ ನೃತ್ಯ ನೋಡಿದರು. ಆಮೇಲೆ ಬಂದದ್ದು ಯುದ್ಧ. ಚೀನಾ, ನ್ಯೂಗಿನಿ, ಸೆರೆವಾಸ. ವಾಪಸು ಬಂದು ಮೊದಲ ಏಕವ್ಯಕ್ತಿ ಪ್ರದರ್ಶನ ಕೊಡುವಾಗ ಅವರಿಗೆ ನಲವತ್ತು ದಾಟಿತ್ತು. ಹೊಟ್ಟೆಪಾಡಿಗೆ ಇದೇ ಊರಿನ ಹುಡುಗಿಯರ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು! ಆ ಸ್ಪೇನಿನ ನರ್ತಕಿಯನ್ನು ನೆನೆದು ಅವರು ಕುಣಿದದ್ದು 1977ರಲ್ಲಿ. ಹಳೇ ಗೌನು, ಹೂವಿನ ಟೋಪಿ, ಮುಖಕ್ಕೆ ಬಿಳಿ ಬಣ್ಣ, ವಯಸ್ಸು ಎಪ್ಪತ್ತೊಂದು. ಅವರ ಹೆಸರು ಹೊರದೇಶಗಳಿಗೆ ಮುಟ್ಟಿದ್ದೂ ಅದರ ನಂತರವೇ, 1980ರಲ್ಲಿ ಫ್ರಾನ್ಸಿನ ನಾನ್ಸಿ ಉತ್ಸವಕ್ಕೆ ಹೋದಾಗಿನಿಂದ. ಕಡೆಗೆ ಕಾಲು ನಿಲ್ಲದಾದಾಗ ಕುರ್ಚಿಯಲ್ಲೇ ಕೂತು ಕೈಗಳಲ್ಲಿ ಕುಣಿದರು. 2010ರಲ್ಲಿ ತೀರಿಕೊಂಡಾಗ ನೂರಮೂರು ವರ್ಷ.

ಮೈಸೂರಿನಲ್ಲಿ ಹೈಸ್ಕೂಲು ಮುಗಿಯುವ ಹೊತ್ತಿಗೆ ಭರತನಾಟ್ಯ ಬಿಟ್ಟವಳು ನಾನು. ನನ್ನ ಪಾಲಿಗೆ ಕುಣಿತದ ವಯಸ್ಸು ಅಲ್ಲಿಗೇ ಮುಗಿದಿತ್ತು. ಈ ಅಜ್ಜನ ವಿಡಿಯೊ ನೋಡಿದ ಮೇಲೆ ಆ ನೆಪ ನಡೆಯಲಿಲ್ಲ.

ತತ್ಸುಮಿ ಹಿಜಿಕಟ ಅವರಿಗೂ ಋಣಿ, ಸ್ವಲ್ಪ ದೂರದಿಂದಲೇ. ಬುಟೋ ಶುರುವಾಯಿತು ಅಂತ ಎಲ್ಲರೂ ಹೇಳುವ 1959ರ ‘ಕಿಂಜಿಕಿ’ ಪ್ರದರ್ಶನ ಅವರದು. ಅದರಲ್ಲಿ ಅವರ ಜೊತೆ ಒನೊ ಅವರ ಮಗ ಯೊಶಿತೊ ಇದ್ದರು, ಒಂದು ಜೀವಂತ ಕೋಳಿಯೂ ಇತ್ತು. ನೋಡಿದವರು ಬೆಚ್ಚಿಬಿದ್ದರಂತೆ. ಹಿಜಿಕಟ ಅವರ ಫೋಟೋಗಳು ನನ್ನನ್ನು ಈಗಲೂ ಹೆದರಿಸುತ್ತವೆ. ಆದರೆ ಒನೊ ಅವರ 1977ರ ಆ ಪ್ರದರ್ಶನವನ್ನು ನಿರ್ದೇಶಿಸಿದವರು ಇವರೇ. ತನಗಿಂತ ಇಪ್ಪತ್ತೊಂದು ವರ್ಷ ದೊಡ್ಡವರನ್ನು ರಂಗಕ್ಕೆ ಮರಳಿ ತಂದ ಮನುಷ್ಯ. ಆ ಒಂದು ಕೆಲಸಕ್ಕೇ ನನ್ನ ಕೈಮುಗಿತ.

ಯೊಶಿತೊ ಅವರ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ನನಗೆ ಬೇಜಾರು. 1969ರಲ್ಲಿ ರಂಗ ಬಿಟ್ಟರು, ಹದಿನಾರು ವರ್ಷದ ಮೇಲೆ 1985ರಲ್ಲಿ ಅಪ್ಪನ ಜೊತೆ ‘ಮೃತ ಸಮುದ್ರ’ ಪ್ರದರ್ಶನಕ್ಕಾಗಿ ಮತ್ತೆ ಬಂದರು. ಅಪ್ಪ ಹೋದ ಮೇಲೆ ಬೆರಳಿಗೆ ಅಪ್ಪನ ಗೊಂಬೆ ತೊಟ್ಟು ಕುಣಿಯುತ್ತಿದ್ದರು. 2020ರ ಜನವರಿಯಲ್ಲಿ ಹೋದರು. ದೊಡ್ಡ ಕಲಾವಿದನ ಮಗನಾಗಿ ಒಬ್ಬನೇ ರಂಗದ ಮೇಲೆ ನಿಲ್ಲುವುದು ಸುಮ್ನೆ ಮಾತಲ್ಲ.

ಇನ್ನು ನರ್ತಕ ತಕಾವೊ ಕವಾಗುಚಿ. 1962ರಲ್ಲಿ ಹುಟ್ಟಿದ ಇವರು ಒನೊ ಕುಣಿದದ್ದನ್ನು ಎದುರಿಗೆ ನೋಡಿಯೇ ಇಲ್ಲ. ವಿಡಿಯೊ ನೋಡಿ ನೋಡಿ, ಬೆರಳಿನ ನಡುಕ ಕೂಡ ಬಿಡದೆ ಕಲಿತು, 2013ರಲ್ಲಿ ಅದನ್ನೇ ಒಂದು ಪ್ರದರ್ಶನ ಮಾಡಿದರು. ಬುಟೋ ಒಳಗಿನಿಂದ ಬರಬೇಕು, ನಕಲು ಮಾಡಬಾರದು ಅಂತ ಗೊಣಗುವವರು ಇದ್ದಾರೆ. ನನಗೇನೋ ಆ ನಕಲಿನಲ್ಲಿ ಭಕ್ತಿಗಿಂತ ಜಾಸ್ತಿ ತಂಟೆ ಕಾಣಿಸಿತು, ಅದೇ ಹಿಡಿಸಿತು. ಮೈತುಂಬ ಬಿಳಿ ಬಳಿದುಕೊಂಡು ಆಮೆಯಂತೆ ನಡೆದರೆ ಬುಟೋ ಆಗಿಬಿಡುತ್ತದೆ ಅನ್ನುವ ಪ್ರದರ್ಶನಗಳನ್ನೂ ಇಲ್ಲಿ ಬೇಕಾದಷ್ಟು ನೋಡಿದ್ದೇನೆ. ಅವಕ್ಕಿಂತ ಇದು ಎಷ್ಟೋ ವಾಸಿ.

ನನ್ನ ಸೆನ್ಸೇ, ಅಂದರೆ ಬುಟೋ ಗುರು, ನನಗಿಂತ ಚಿಕ್ಕವರು. ಹೆಸರು ಹಾಕಬೇಡಿ ಅಂದಿದ್ದಾರೆ. ಭರತನಾಟ್ಯದ ಅಡವು ಕಲಿತ ಮೈ ನನ್ನದು, ಏನು ಮಾಡಿದರೂ ಮಂಡಿ ಬಾಗಿಸಿ ನಿಲ್ಲುವ ಅರಮಂಡಿಗೆ ಬಂದುಬಿಡುತ್ತದೆ. “ಅದನ್ನು ಅಳಿಸಬೇಡಿ, ಬಿಡಲು ಸಾಧ್ಯವಾಗದ ಮಂಡಿಯನ್ನೇ ಕುಣಿಸಿ” ಅಂದರು. ಪ್ರದರ್ಶನದ ಮುಕ್ಕಾಲು ಭಾಗ ಅದೇ ಆಯಿತು. ಸೆನ್ಸೇ, ನಿಮಗೆ ಕನ್ನಡ ಬಾರದು, ಆದರೂ ಇಲ್ಲೇ ತಲೆಬಾಗುತ್ತೇನೆ.

ನಮ್ಮ ಬೀದಿಯ ಸಮುದಾಯ ಭವನದ ಹಾಡಿನ ಗುಂಪಿನ ಅಜ್ಜಿಯಂದಿರಿಗೆ ದೊಡ್ಡ ಥ್ಯಾಂಕ್ಸ್. ತಮ್ಮ ಸಮಯದಲ್ಲಿ ಕಡೆಯ ಅರ್ಧ ಗಂಟೆ ನನಗೆ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟು ಮನೆಗೆ ಹೋಗಲಿಲ್ಲ, ಅಲ್ಲೇ ಕೂತು ಟೀ ಕುಡಿಯುತ್ತಾ ನೋಡಿದರು. “ನಿಮಗೆ ಆಸ್ಪತ್ರೆಗೆ ಹೋಗಬೇಕು ಅನಿಸ್ತಿದೆಯಾ?” ಅಂತ ಒಬ್ಬರು ಕೇಳಿದ್ದೂ ಉಂಟು. ಶನಿವಾರ ಎಲ್ಲರೂ ಮುಂದಿನ ಸಾಲಿನಲ್ಲೇ ಇದ್ದರು.

ನಮ್ಮ ಮನೆಯವರು ಲೈಟು ನೋಡಿಕೊಂಡರು. ಬೆಂಗಳೂರಿನಲ್ಲಿರುವ ಮಗಳು ವಿಡಿಯೊ ಕಾಲ್‌ನಲ್ಲಿ ತಾಲೀಮು ನೋಡಿ, “ಅಮ್ಮ, ಮುಖದಲ್ಲಿ ಅಭಿನಯ ಜಾಸ್ತಿ ಆಯ್ತು” ಅಂದಳು. ಸರಿಯಾಗೇ ಹೇಳಿದ್ದಳು. ಇಲ್ಲಿನ ಕನ್ನಡದ ಗೆಳೆಯರು ಪುಳಿಯೋಗರೆ ತಂದು ಪ್ರೇಕ್ಷಕರಿಗೆಲ್ಲ ಹಂಚಿದರು. ಅದಕ್ಕೆ ಬಿದ್ದ ಚಪ್ಪಾಳೆ ನನಗೆ ಬಿದ್ದದ್ದಕ್ಕಿಂತ ಜೋರಾಗಿತ್ತು, ಅಲ್ವಾ?

ಮೈಸೂರಿನ ಚಿಕ್ಕಮ್ಮ, ಹಟ ಮಾಡಿ ಕೇಳಿದ್ದೀರಿ ಅಂತ ವಿಡಿಯೊ ಕಳಿಸುತ್ತಿದ್ದೇನೆ. ಮೊದಲ ಐದು ನಿಮಿಷ ನಾನು ಅಲ್ಲಾಡುವುದೇ ಇಲ್ಲ. ಫೋನು ಕೆಟ್ಟಿದೆ ಅಂತ ರಿಪೇರಿಗೆ ಕೊಡಬೇಡಿ.