ಎಸ್‌ಗೆ ಹಾಕಿದರೆ ಎಂಜಿನ್ ಬಲ ಹೆಚ್ಚುವುದಿಲ್ಲ

ಮಾನ್ಯ ಸಂಪಾದಕರೇ,

‘ಸ್ಪೋರ್ಟ್ ಮೋಡ್ ಹಾಕಿದರೆ ಪವರ್ ಜಾಸ್ತಿ ಬರುತ್ತೆ ಸಾರ್’ ಎಂಬ ಮಾತು ಶೋರೂಮಿನಲ್ಲಿ, ಯೂಟ್ಯೂಬಿನ ಕಾರು ವಿಮರ್ಶೆಗಳಲ್ಲಿ, ಕೆಲವೊಮ್ಮೆ ಪತ್ರಿಕೆಗಳ ವಾಹನ ಪುಟಗಳಲ್ಲೂ ಕೇಳಿಬರುತ್ತದೆ. ಆಟೊಮ್ಯಾಟಿಕ್ ಕಾರಿನ ಗೇರ್ ಲಿವರಿನಲ್ಲಿರುವ ‘ಎಸ್’ ಅಕ್ಷರದ ಬಗ್ಗೆಯೂ ಹೀಗೇ ಹೇಳುತ್ತಾರೆ. ಬಹುತೇಕ ಕಾರುಗಳ ಮಟ್ಟಿಗೆ ಇದು ತಪ್ಪು. ಈ ತಪ್ಪಿನಿಂದ ಪೆಟ್ರೋಲ್ ಹೆಚ್ಚು ಉರಿದರೆ ಹೋಗಲಿ ಎನ್ನಬಹುದಿತ್ತು. ಆದರೆ ಮೋಡ್ ಅಂದರೇನು ಎಂದು ತಿಳಿಯದೆ ಓಡಿಸುವುದರಿಂದ ಟ್ರಾಫಿಕ್ಕಿನಲ್ಲಿ ಕ್ಲಚ್ ಸುಡುತ್ತದೆ, ಘಾಟಿಯಲ್ಲಿ ಬ್ರೇಕ್ ಬಿಸಿಯೇರುತ್ತದೆ. ಹಾಗಾಗಿ ಈ ಪತ್ರ.

2025ರಲ್ಲಿ ಭಾರತಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ನೋಡಿ. 2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 265 ಪಿಎಸ್ (ಅಶ್ವಶಕ್ತಿ), 370 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), 7 ಗೇರಿನ ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಆಕ್ಸಿಲರೇಟರನ್ನು ತಳಮಟ್ಟ ತುಳಿದರೆ ಕಂಫರ್ಟ್ ಎಂಬ ಸಾಧಾರಣ ಮೋಡಿನಲ್ಲಿ ಸಿಗುವುದೂ ಅದೇ 265, ಸ್ಪೋರ್ಟ್‌ನಲ್ಲಿ ಸಿಗುವುದೂ ಅದೇ 265. ಬದಲಾಗುವುದು ಅರೆಬರೆ ತುಳಿದಾಗಿನ ವರ್ತನೆ. ಕಾಲಿನ ಅದೇ ಒತ್ತಡಕ್ಕೆ ಸ್ಪೋರ್ಟ್‌ನಲ್ಲಿ ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಕವಾಟ) ಹೆಚ್ಚು ತೆರೆಯುತ್ತದೆ. ಗೇರ್‌ಬಾಕ್ಸ್ ಮೇಲಿನ ಗೇರಿಗೆ ಹೋಗಲು ತಡಮಾಡುತ್ತದೆ, ಕೆಳಗಿನ ಗೇರಿಗೆ ಬೇಗ ಇಳಿಯುತ್ತದೆ. ಕಾರು ಚುರುಕಾದಂತೆ ಅನಿಸುವುದು ಅದಕ್ಕೇ.

ಅಪವಾದವೂ ಇದೆ. ಬಿಎಂಡಬ್ಲ್ಯು 2005ರ ಸುಮಾರಿಗೆ ತಂದ ವಿ10 (ಹತ್ತು ಸಿಲಿಂಡರಿನ) ಎಂಜಿನ್ನಿನ ಎಂ5 ಕಾರನ್ನು ಸ್ಟಾರ್ಟ್ ಮಾಡಿದರೆ ಅದು 400 ಅಶ್ವಶಕ್ತಿಗೆ ಸೀಮಿತವಾಗಿರುತ್ತಿತ್ತು. ಪವರ್ ಗುಂಡಿ ಒತ್ತಿದರೆ ಮಾತ್ರ ಪೂರ್ತಿ 507. ‘ಗುಂಡಿ ಒತ್ತಿದರೆ ಪವರ್’ ಎಂಬುದು ಅಂಥ ಕಾರಿನ ಮಟ್ಟಿಗೆ ನಿಜ. ನಮ್ಮ ರಸ್ತೆಯಲ್ಲಿ ಓಡುವ ಸಾಮಾನ್ಯ ಟರ್ಬೊ ಕಾರುಗಳಿಗೆ ಅದನ್ನು ಅಂಟಿಸುವುದು ಸರಿಯಲ್ಲ.

ಇನ್ನೊಂದು ಗೊಂದಲ, ಎರಡು ಬೇರೆ ಬೇರೆ ಆಯ್ಕೆಗಳನ್ನು ಒಂದೇ ಎಂದು ತಿಳಿಯುವುದು. ಗೇರ್ ಲಿವರಿನಲ್ಲಿರುವ ಡಿ (ಡ್ರೈವ್), ಎಸ್ (ಸ್ಪೋರ್ಟ್), ಎಂ (ಮ್ಯಾನುಯಲ್, ಗೇರನ್ನು ನಾವೇ ಬದಲಿಸುವುದು) ಗೇರ್‌ಬಾಕ್ಸ್‌ಗೆ ಮಾತ್ರ ಸಂಬಂಧಿಸಿದವು. ಇಕೊ, ಕಂಫರ್ಟ್, ಸ್ಪೋರ್ಟ್, ಇಂಡಿವಿಜುಯಲ್ ಎಂಬ ಡ್ರೈವಿಂಗ್ ಮೋಡ್‌ಗಳು ಸ್ಟೀರಿಂಗಿನ ಬಿಗುವು, ಥ್ರಾಟಲ್, ಗೇರ್‌ಬಾಕ್ಸ್ ಎಲ್ಲಕ್ಕೂ ಒಟ್ಟಿಗೆ ಕೈಹಾಕುತ್ತವೆ. ಸ್ಪೋರ್ಟ್ ಒತ್ತಿದರೆ ಗೇರ್‌ಬಾಕ್ಸ್ ತಾನಾಗಿ ಎಸ್‌ಗೆ ಹೋಗುತ್ತದೆ. ಎಸ್‌ಗೆ ಹಾಕಿದ ಮಾತ್ರಕ್ಕೆ ಸ್ಟೀರಿಂಗ್ ಬಿಗಿಯಾಗುವುದಿಲ್ಲ. ನನ್ನ ಮಟ್ಟಿಗೆ ದಿನನಿತ್ಯದ ಓಡಾಟಕ್ಕೆ ಉಪಯುಕ್ತ, ಒಂದೊಂದನ್ನೂ ಬೇಕಾದಂತೆ ಹೊಂದಿಸಿಕೊಳ್ಳುವ ಇಂಡಿವಿಜುಯಲ್: ಸ್ಟೀರಿಂಗ್ ಸ್ಪೋರ್ಟ್‌ನಲ್ಲಿಟ್ಟು ಗೇರ್‌ಬಾಕ್ಸನ್ನು ಕಂಫರ್ಟ್‌ನಲ್ಲಿ ಬಿಟ್ಟರೆ ಕಾರು ಹಿಡಿತದಲ್ಲಿರುತ್ತದೆ, 40ರ ವೇಗದಲ್ಲಿ 2ನೇ ಗೇರಿನಲ್ಲಿ ಗುರುಗುಡುವುದಿಲ್ಲ.

ಒಳಗೆ ನಡೆಯುವುದೇನೆಂದು ತಿಳಿದರೆ ಉಳಿದದ್ದು ಸುಲಭ. ಡಿಎಸ್‌ಜಿ, ಪೋರ್ಷೆಯ ಪಿಡಿಕೆ ಇವೆಲ್ಲ ಜೋಡಿ ಕ್ಲಚ್ಚಿನ ಗೇರ್‌ಬಾಕ್ಸ್‌ಗಳು. 7 ಗೇರಿದ್ದರೆ ಒಂದು ಕ್ಲಚ್ಚು 1, 3, 5, 7ನೇ ಗೇರುಗಳನ್ನು ನೋಡಿಕೊಂಡರೆ ಇನ್ನೊಂದು 2, 4, 6ನ್ನು ನೋಡಿಕೊಳ್ಳುತ್ತದೆ. ಬಾವಿಯಿಂದ ನೀರು ಸೇದುವಾಗ ಒಂದು ಕೈ ಹಗ್ಗ ಬಿಡುವ ಮೊದಲೇ ಇನ್ನೊಂದು ಕೈ ಹಿಡಿದಿರುತ್ತದಲ್ಲ, ಹಾಗೆ. ಕಾರು 3ರಲ್ಲಿ ಓಡುತ್ತಿರುವಾಗಲೇ 4 ಸಿದ್ಧವಾಗಿರುತ್ತದೆ. ಒಂದು ಕ್ಲಚ್ ಬಿಟ್ಟು ಇನ್ನೊಂದು ಹಿಡಿದರೆ ಗೇರ್ ಬದಲಾದಂತೆ.

ಹೆದ್ದಾರಿಯಲ್ಲಿ ಲಾರಿಯನ್ನು ಓವರ್‌ಟೇಕ್ ಮಾಡುವಾಗ ‘ಒಂದು ಕ್ಷಣ ಕಾರು ಸುಮ್ಮನಾಗಿಬಿಟ್ಟಿತು’ ಎಂಬ ದೂರಿನ ಮೂಲವೂ ಇಲ್ಲೇ ಇದೆ. ಡಿ ಮೋಡಿನಲ್ಲಿ 80ರ ವೇಗದಲ್ಲಿ ಹಗುರವಾಗಿ ಸಾಗುತ್ತಿರುವ ಕಾರು 7ನೇ ಗೇರಿನಲ್ಲಿರಬಹುದು. ಆಕ್ಸಿಲರೇಟರ್ ತಟ್ಟನೆ ತುಳಿದಾಗ ಅದಕ್ಕೆ ಬೇಕಾದದ್ದು 3. ಎರಡೂ ಬೆಸ ಸಂಖ್ಯೆ, ಅಂದರೆ ಒಂದೇ ಕ್ಲಚ್ಚಿನ ಗೇರುಗಳು. ಒಂದೇ ಕೈಯಲ್ಲಿ ಹಗ್ಗ ಬಿಟ್ಟು ಹಿಡಿಯುವಂತಿಲ್ಲವಲ್ಲ. ನಡುವೆ ಸಮ ಗೇರೊಂದನ್ನು ಹಾದು ಹೋಗಬೇಕು. ಜೊತೆಗೆ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ಒತ್ತಡವೂ ಏರಬೇಕು. ಈ ಅರೆಗಳಿಗೆಯಲ್ಲಿ ನೀವು ಆಗಲೇ ಎದುರಿನ ಲೇನಿನಲ್ಲಿರುತ್ತೀರಿ. ಉಪಾಯ ಇಷ್ಟೆ: ಲಾರಿಯ ಹಿಂದೆ ಇರುವಾಗಲೇ ಲಿವರನ್ನು ಎಸ್‌ಗೆ ತನ್ನಿ, ಅಥವಾ ಸ್ಟೀರಿಂಗಿನ ಎಡಗಡೆಯ ಪ್ಯಾಡಲನ್ನು (ಗೇರ್ ಇಳಿಸುವ ಪುಟ್ಟ ಸನ್ನೆ) ಮೂರ್ನಾಲ್ಕು ಸಲ ಎಳೆದು 3 ಅಥವಾ 4ಕ್ಕೆ ಇಳಿಸಿಕೊಳ್ಳಿ. ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಏರಿದ್ದನ್ನು ಕಿವಿಯಲ್ಲಿ ಕೇಳಿಸಿಕೊಂಡು ಆಮೇಲೆ ಹೊರಗೆ ಬನ್ನಿ. ದಾಟಿದ ಮೇಲೆ ಬಲ ಪ್ಯಾಡಲನ್ನು ಸ್ವಲ್ಪ ಹೊತ್ತು ಎಳೆದು ಹಿಡಿದರೆ ಫೋಕ್ಸ್‌ವ್ಯಾಗನ್ನಿನಲ್ಲಿ ಮತ್ತೆ ಡಿ ಬರುತ್ತದೆ.

ಬೆಂಗಳೂರಿನ ಸಿಲ್ಕ್ ಬೋರ್ಡ್, ಹೆಬ್ಬಾಳದಂಥ ಕಡೆಗಳಲ್ಲಿ ಸಮಸ್ಯೆಯೇ ಬೇರೆ. ಜಿಟಿಐ ಕಾರಿನ ಕ್ಲಚ್ಚುಗಳು ಎಣ್ಣೆಯಲ್ಲಿ ಮುಳುಗಿರುತ್ತವೆ, ಎಣ್ಣೆ ಬಿಸಿಯನ್ನು ಹೊತ್ತೊಯ್ಯುತ್ತದೆ. ಆದರೆ ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಫೋಕ್ಸ್‌ವ್ಯಾಗನ್ನಿನ ವರ್ಟಸ್, ಟೈಗುನ್, ಸ್ಕೋಡಾದ ಸ್ಲಾವಿಯಾ, ಕುಶಾಕ್‌ಗಳ 1.5 ಲೀಟರ್ ಡಿಎಸ್‌ಜಿ ಕಾರುಗಳಲ್ಲಿ ಇರುವುದು ಡಿಕ್ಯು 200 ಎಂಬ ಒಣ ಕ್ಲಚ್ಚಿನ ಗೇರ್‌ಬಾಕ್ಸ್. ಅದು ತಡೆಯುವ ಟಾರ್ಕಿನ ಮಿತಿ 250 ನ್ಯೂಟನ್ ಮೀಟರ್. ಎಂಜಿನ್ ಕೊಡುವುದೂ ಸರಿಯಾಗಿ 250. ಹೀಗಿರುವಾಗ ಹೊರಗಡೆ ಇಸಿಯು ರೀಮ್ಯಾಪ್ (ಎಂಜಿನ್ನಿನ ಕಂಪ್ಯೂಟರಿನ ಲೆಕ್ಕ ತಿದ್ದುವುದು) ಮಾಡಿಸಿ ಇನ್ನೂ ಐವತ್ತು ಅರವತ್ತು ಏರಿಸಿಕೊಂಡು, ಆಮೇಲೆ ಕ್ಲಚ್ ಜಾರುತ್ತಿದೆ ಎಂದು ಸರ್ವಿಸ್ ಸೆಂಟರಿನಲ್ಲಿ ಜಗಳವಾಡುವುದರಲ್ಲಿ ಅರ್ಥವಿಲ್ಲ.

ಟ್ರಾಫಿಕ್ಕಿನಲ್ಲಿ ಕ್ಲಚ್ಚನ್ನು ಕೊಲ್ಲುವುದು ನಿಧಾನ ತೆವಳಿಕೆ. ಬ್ರೇಕನ್ನು ಅರ್ಧಂಬರ್ಧ ಒತ್ತಿ 3-4 ಕಿ.ಮೀ. ವೇಗದಲ್ಲಿ ಇಂಚಿಂಚು ಸರಿಯುವಾಗ ಕ್ಲಚ್ ಪೂರ್ತಿ ಹಿಡಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಹಳೆಯ ಗೇರ್ ಕಾರಿನಲ್ಲಿ ಹಾಫ್ ಕ್ಲಚ್ ಹಿಡಿದು ನಿಂತಂತೆಯೇ. ಬದಲಿಗೆ, ಮುಂದಿನ ಕಾರು ಒಂದೆರಡು ಕಾರಿನಷ್ಟು ದೂರ ಹೋಗಲು ಬಿಡಿ. ಆಮೇಲೆ ಬ್ರೇಕಿನಿಂದ ಕಾಲು ಪೂರ್ತಿ ತೆಗೆಯಿರಿ, ಕ್ಲಚ್ ಹಿಡಿಯಲಿ, ಸಾಗಿ, ಮತ್ತೆ ಗಟ್ಟಿಯಾಗಿ ಬ್ರೇಕ್ ಒತ್ತಿ ನಿಲ್ಲಿ. ನಡುವೆ ಸ್ಕೂಟರ್ ನುಗ್ಗುತ್ತದೆ ಎನ್ನುತ್ತೀರಿ. ನುಗ್ಗಲಿ ಬಿಡಿ, ಕ್ಲಚ್ಚಿನ ಬೆಲೆ ಕೇಳಿದರೆ ಸಮಾಧಾನವಾಗುತ್ತದೆ. ನಿಂತಾಗ ಬ್ರೇಕ್ ಗಟ್ಟಿಯಾಗಿ ಒತ್ತಿದ್ದರೆ ಕ್ಲಚ್ ತೆರೆದುಕೊಳ್ಳುವುದರಿಂದ ಪ್ರತಿ ಸಿಗ್ನಲ್ಲಿನಲ್ಲೂ ಎನ್‌ಗೆ (ನ್ಯೂಟ್ರಲ್) ಹಾಕುವ ಅಗತ್ಯವಿಲ್ಲ. ಫ್ಲೈಓವರಿನ ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ನಿಲ್ಲಿಸಿಕೊಳ್ಳುವುದು ಮಾತ್ರ ಬೇಡವೇ ಬೇಡ. ಬ್ರೇಕ್ ಅಥವಾ ಬ್ರೇಕನ್ನು ತಾನೇ ಹಿಡಿದಿಡುವ ಆಟೊ ಹೋಲ್ಡ್ ಬಳಸಿ. 1ರಿಂದ 2ಕ್ಕೂ 2ರಿಂದ 1ಕ್ಕೂ ಗೇರ್ ಹಾರುತ್ತಿದ್ದು ಕಾರು ಜರ್ಕ್ ಹೊಡೆಯುತ್ತಿದ್ದರೆ ಎಂ ಮೋಡಿಗೆ ಹಾಕಿ 1ರಲ್ಲೇ ಇಟ್ಟುಕೊಳ್ಳಿ. ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಎಚ್ಚರಿಕೆ ಮೀಟರಿನಲ್ಲಿ ಬಂದರೆ ಬದಿಗೆ ನಿಲ್ಲಿಸಿ, ಪಿಗೆ (ಪಾರ್ಕ್) ಹಾಕಿ, ಅದು ಹೋಗುವವರೆಗೆ ಕಾಯಿರಿ.

ಘಾಟಿ ಇಳಿಯುವಾಗ ನಡೆಯುವ ತಪ್ಪು ಹೆಚ್ಚು ಅಪಾಯದ್ದು. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಡಿ ಮೋಡಿನಲ್ಲಿ ಇಳಿಯುವ ಕಾರು, ಚಾಲಕ ಆಕ್ಸಿಲರೇಟರ್ ಒತ್ತುತ್ತಿಲ್ಲವೆಂದು ಮೇಲಿನ ಗೇರಿಗೆ ಜಾರಿಕೊಳ್ಳಬಹುದು. ಇಕೊ ಮೋಡ್ ಇನ್ನೂ ಕೆಟ್ಟದ್ದು: ಹಲವು ಕಾರುಗಳಲ್ಲಿ ಇಂಧನ ಉಳಿಸಲೆಂದು ಕ್ಲಚ್ಚನ್ನೇ ಬಿಡಿಸಿ ಕಾರನ್ನು ಉರುಳಲು ಬಿಡುತ್ತದೆ. ಎಂಜಿನ್ನಿನ ತಡೆ ಸೊನ್ನೆ, ಭಾರವೆಲ್ಲ ಬ್ರೇಕಿನ ಮೇಲೆ. ನಾಲ್ಕಾರು ಹೇರ್‌ಪಿನ್ ತಿರುವು ಕಳೆಯುವಷ್ಟರಲ್ಲಿ ಪ್ಯಾಡ್ ಸುಟ್ಟ ವಾಸನೆ ಬರುತ್ತದೆ, ಪೆಡಲ್ ಒತ್ತಿದರೂ ಕಾರು ಹಿಡಿಯುವುದಿಲ್ಲ. ಇಳಿಜಾರು ಶುರುವಾಗುವ ಮೊದಲೇ ಎಂಗೆ ಹಾಕಿ, ನೇರ ರಸ್ತೆಗೆ 3, ಹೇರ್‌ಪಿನ್‌ಗೆ 2 ಆರಿಸಿ. ಎಂಜಿನ್ ಜೋರಾಗಿ ಕೂಗಿತೆಂದು ಹೆದರಬೇಡಿ, 3-4 ಸಾವಿರ ಆರ್‌ಪಿಎಂ ಅದಕ್ಕೆ ಲೆಕ್ಕಕ್ಕಿಲ್ಲ. ತಪ್ಪಿ 70ರ ವೇಗದಲ್ಲಿ 1ನೇ ಗೇರ್ ಕೇಳಿದರೂ ಗೇರ್‌ಬಾಕ್ಸ್ ಕೊಡುವುದಿಲ್ಲ, ಎಂಜಿನ್ನನ್ನು ಕಾಪಾಡಿಕೊಳ್ಳುವ ಬುದ್ಧಿ ಅದಕ್ಕಿದೆ. ಆದರೆ ಡಿಯಲ್ಲಿದ್ದು ಪ್ಯಾಡಲ್ ಮುಟ್ಟಿದರೆ ಸಿಗುವುದು ತಾತ್ಕಾಲಿಕ ಮ್ಯಾನುಯಲ್ ಮಾತ್ರ. ಕೆಲ ಹೊತ್ತು ಮುಟ್ಟದಿದ್ದರೆ ಕಾರು ಹೇಳದೆ ಕೇಳದೆ ಡಿಗೆ ಮರಳಬಹುದು. ಮೀಟರಿನಲ್ಲಿ ಎಂ ಅಕ್ಷರ ಇದೆಯೇ ಎಂದು ಆಗಾಗ ಕಣ್ಣಾಡಿಸಿ.

ಕರಾವಳಿಯ ಮಳೆಯಲ್ಲಿ ಸ್ಪೋರ್ಟ್ ಬೇಡ. ತಿರುವಿನ ನಡುವೆ ಗೇರ್ ತಟ್ಟನೆ ಇಳಿದರೆ ಚಕ್ರ ಹಿಡಿತ ಕಳೆದುಕೊಳ್ಳುತ್ತದೆ, ಹಿಂಚಕ್ರ ಓಡಿಸುವ ಬಲಿಷ್ಠ ಕಾರುಗಳಲ್ಲಂತೂ ಹಿಂಭಾಗ ತಿರುಗಿಯೇ ಹೋಗಬಹುದು. ಪೋರ್ಷೆ ತನ್ನ ಈಗಿನ 911ರಲ್ಲಿ ಒದ್ದೆ ರಸ್ತೆಗೆಂದೇ ವೆಟ್ ಮೋಡ್ ಇಟ್ಟಿರುವುದು ಇದಕ್ಕೇ. ಮುಂಚಕ್ರದ ಗೂಡಿನೊಳಗಿನ ಸೆನ್ಸರು ಚಿಮ್ಮುವ ನೀರಿನ ಸದ್ದು ಕೇಳಿ ಎಚ್ಚರಿಸುತ್ತದೆ. ಮೋಡನ್ನು ಚಾಲಕರೇ ಆರಿಸಬೇಕು.

ನಿಂತಲ್ಲಿಂದ ಕಾರನ್ನು ಅತಿವೇಗದಲ್ಲಿ ಹೊರಡಿಸುವ ಲಾಂಚ್ ಕಂಟ್ರೋಲಿನ ಬಗ್ಗೆ ಎರಡೇ ಮಾತು. ಎಡಗಾಲಲ್ಲಿ ಬ್ರೇಕ್, ಬಲಗಾಲಲ್ಲಿ ಪೂರ್ತಿ ಆಕ್ಸಿಲರೇಟರ್, ಆಮೇಲೆ ಬ್ರೇಕ್ ಬಿಡುವ ಈ ಆಟದಲ್ಲಿ ಕ್ಲಚ್ ನುಂಗುವ ಬಿಸಿ ವಿಪರೀತ. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ದಾರಿ ಅದಕ್ಕೆ ಜಾಗವಲ್ಲ. ಆಸೆಯಿದ್ದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಟ್ರ್ಯಾಕ್‌ಗಳಿವೆ.

ಇಷ್ಟೆಲ್ಲ ಬರೆಯಲು ಇನ್ನೊಂದು ಕಾರಣವಿದೆ. ಬೆಂಗಳೂರಿನಲ್ಲಿ ಇಂಥ ಕಾರುಗಳನ್ನು ಭಾನುವಾರ ಮಾಲೀಕರು ಓಡಿಸಿದರೆ ವಾರವಿಡೀ ಓಡಿಸುವವರು ಸಂಬಳದ ಡ್ರೈವರುಗಳು. ಹೋಟೆಲಿನ ಮುಂದೆ ವ್ಯಾಲೆ ಪಾರ್ಕಿಂಗ್ ಹುಡುಗರು. ಡೆಲಿವರಿ ದಿನ ಮಾಲೀಕರಿಗೆ ಫೋನ್ ಬ್ಲೂಟೂತ್ ಜೋಡಿಸಿಕೊಟ್ಟು, ಹಾರ ಹಾಕಿ, ಫೋಟೊ ತೆಗೆದು ಕಳಿಸುತ್ತಾರೆ. ಗೇರ್‌ಬಾಕ್ಸಿನ ಮಾತು ಡ್ರೈವರಿನ ಕಿವಿಗೆ ಬೀಳುವುದೇ ಇಲ್ಲ. ನೂರಾರು ಪುಟದ ಇಂಗ್ಲಿಷ್ ಕೈಪಿಡಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಪ್ಲಾಸ್ಟಿಕ್ ಕವರಿನೊಳಗೇ ಇರುತ್ತದೆ. ಕಾರು ಮಾರುವವರು ಸನ್ ವೈಸರಿಗೆ ಸಿಕ್ಕಿಸುವಂಥ ಒಂದು ಕನ್ನಡ ಕಾರ್ಡ್ ಕೊಡಲಿ: ನಿಂತಾಗ ಬ್ರೇಕ್ ಗಟ್ಟಿಯಾಗಿ ಒತ್ತಿ, ಓವರ್‌ಟೇಕಿಗೆ ಮೊದಲೇ ಎಸ್, ಘಾಟಿ ಇಳಿಯುವ ಮೊದಲೇ ಎಂ, ಇಳಿಜಾರಿನಲ್ಲಿ ಇಕೊ ಬೇಡ, ಬಿಸಿಯ ಎಚ್ಚರಿಕೆ ಬಂದರೆ ಪಿ. ಐದು ಸಾಲು ಸಾಕು. ತಮ್ಮ ವಾಹನ ಪುಟದಲ್ಲೂ ಕಾರು ಸೊನ್ನೆಯಿಂದ 100 ಕಿ.ಮೀ. ವೇಗಕ್ಕೇರುವ ಸೆಕೆಂಡುಗಳ ಪಕ್ಕದಲ್ಲಿ ಅದರ ಕ್ಲಚ್ ಒಣದೋ ಎಣ್ಣೆಯದೋ ಎಂದು ಒಂದು ಸಾಲು ಅಚ್ಚಾಗಲಿ.

ಇಂತಿ,
ವಾಹನ ತಂತ್ರಜ್ಞ, ಬೆಂಗಳೂರು