ಎಡ್ಜ್ ಸಿಕ್ಕಿದ್ದು ಯಾರಿಗೆ?

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ನಿಮ್ಮ ಕ್ರೀಡಾ ಪುಟದಲ್ಲಿ ‘ಬ್ಯಾಟಿಂಗ್ ಪಡೆಗೆ ಎಡ್ಜ್ ಸಿಕ್ಕಿದೆ’ ಅಂತ ಒಂದು ಸಾಲು ಇತ್ತು. ಎರಡು ಸಲ ಓದಬೇಕಾಯಿತು. ಕ್ರಿಕೆಟ್‌ನಲ್ಲಿ ಎಡ್ಜ್ ಅಂದರೆ ಚೆಂಡು ಬ್ಯಾಟಿನ ಅಂಚಿಗೆ ತಾಗಿ ಕೀಪರ್ ಕೈಗೋ ಸ್ಲಿಪ್‌ನವರ ಕೈಗೋ ಹೋಗುವುದು, ಅಲ್ವಾ? ಅದು ಸಿಕ್ಕಿದರೆ ಕುಣಿಯುವವನು ಬೌಲರ್. ನಿಮ್ಮ ವರದಿಗಾರರ ಮನಸ್ಸಿನಲ್ಲಿದ್ದದ್ದು ಇಂಗ್ಲಿಷಿನ ಇನ್ನೊಂದು ಎಡ್ಜ್, ಎದುರಾಳಿಗಿಂತ ಕೂದಲೆಳೆಯಷ್ಟು ಮುಂದಿರುವುದು. ‘ತುಸು ಮೇಲುಗೈ’ ಅಂದಿದ್ದರೆ ಸಾಕಿತ್ತು.

ಹಾಗಂತ ಸಿಕ್ಕಸಿಕ್ಕಲ್ಲೆಲ್ಲ ಮೇಲುಗೈ ತುರುಕಿದರೂ ಕಷ್ಟವೇ. ‘ಅಪ್ಪರ್ ಹ್ಯಾಂಡ್’ಗೆ ಅದು ಹೇಳಿ ಮಾಡಿಸಿದ ಮಾತು, ಯಾಕಂದ್ರೆ ಅಲ್ಲಿ ಇಬ್ಬರ ಪೈಪೋಟಿ ಇದೆ, ಒಬ್ಬನ ಕೈ ಮೇಲಾಗಿದೆ. ‘ಹೆಡ್ ಸ್ಟಾರ್ಟ್’ನಲ್ಲಿ ಯಾರೂ ಯಾರನ್ನೂ ಮಣಿಸಿಲ್ಲ, ಓಟ ಶುರುವಾಗುವ ಮೊದಲೇ ಒಬ್ಬ ನಾಲ್ಕು ಹೆಜ್ಜೆ ಮುಂದೆ ನಿಂತಿದ್ದಾನೆ ಅಷ್ಟೆ. ‘ಲೆಗ್ ಅಪ್’ ಬಂದಿದ್ದು ಕುದುರೆ ಹತ್ತುವವನ ಕಾಲಿಗೆ ಇನ್ನೊಬ್ಬ ಕೈ ಕೊಟ್ಟು ಎತ್ತುವುದರಿಂದ. (ನಮ್ಮಲ್ಲಿ ‘ಕೈ ಕೊಟ್ಟ’ ಅಂದರೆ ಅರ್ಥವೇ ಉಲ್ಟಾ, ಇರಲಿ.) ‘ಸ್ಟೀಲ್ ಎ ಮಾರ್ಚ್’ ಅಂತೂ ಸೈನ್ಯದ ಮಾತು. ಶತ್ರುವಿನ ಕಣ್ತಪ್ಪಿಸಿ ಪಡೆಯನ್ನು ಮುಂದಕ್ಕೆ ಸಾಗಿಸುವುದು. ಅದಕ್ಕೂ ಮಾರ್ಚ್ ತಿಂಗಳಿಗೂ ಸಂಬಂಧ ಇಲ್ಲ.

ಆಟದ ನಿಯಮದಲ್ಲೇ ಇರುವ ಪದಗಳನ್ನು ಮಾತ್ರ ಹಾಗೇ ಬಿಡಿ. ಟೆನಿಸ್‌ನಲ್ಲಿ 40-40 ಆದ ಮೇಲೆ ಮುಂದಿನ ಪಾಯಿಂಟ್ ಗೆದ್ದವರಿಗೆ ಅಡ್ವಾಂಟೇಜ್, ಅದರ ಮುಂದಿನದು ಸೋತರೆ ಮತ್ತೆ ಡ್ಯೂಸ್, ಅಂದರೆ ಸಮಸಮ. ಫುಟ್‌ಬಾಲ್‌ನಲ್ಲಿ ಫೌಲ್ ಆದರೂ ಕೆಲವು ಸಲ ರೆಫರಿ ಸೀಟಿ ಊದುವುದಿಲ್ಲ, ಕೈ ಮುಂದೆ ಚಾಚಿ ಆಡ್ತಾ ಇರಿ ಅಂತಾರೆ. ಅದಕ್ಕೂ ಅಡ್ವಾಂಟೇಜ್ ಅಂತಲೇ ಹೆಸರು. ಚೆಂಡು ಪೆಟ್ಟು ತಿಂದ ತಂಡದವರ ಕಾಲಲ್ಲೇ ಇರುತ್ತೆ, ಆಟ ನಿಲ್ಲಿಸಿದರೆ ಅವರಿಗೇ ನಷ್ಟ. ಅಂದುಕೊಂಡ ಲಾಭ ಕೆಲವೇ ಸೆಕೆಂಡಿನಲ್ಲಿ ಸಿಗದಿದ್ದರೆ ವಾಪಸ್ ಬಂದು ಮೊದಲಿನ ಫೌಲಿಗೇ ಸೀಟಿ ಊದಬಹುದು. ಇದನ್ನೆಲ್ಲ ಕನ್ನಡದ ಒಂದು ಪದದಲ್ಲಿ ಹಿಡಿಯಲು ಹೋಗಿ ಸುಮ್ನೆ ಒದ್ದಾಡಬೇಡಿ.

ನಿಜವಾದ ಗುಂಡಿ ಇರುವುದು ‘ಟೇಕ್ ಅಡ್ವಾಂಟೇಜ್’ನಲ್ಲಿ. ಅದಕ್ಕೆ ನಾನೇ ಬಿದ್ದಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು, ಪರೀಕ್ಷೆ ಬರೆಯಲು ಮೇಲಿನವರು ಒಂದು ವಾರ ರಜೆ ಕೊಟ್ಟರು. ವಾಪಸ್ ಬಂದು ಥ್ಯಾಂಕ್ಸ್ ಹೇಳಲು ಇಂಗ್ಲಿಷಿನಲ್ಲೇ ಮೇಲ್ ಬರೆದೆ, ‘ಐ ಟುಕ್ ಅಡ್ವಾಂಟೇಜ್ ಆಫ್ ಯುವರ್ ಕೈಂಡ್‌ನೆಸ್’ ಅಂತ. ನಿಮ್ಮ ಒಳ್ಳೆತನದಿಂದ ನನಗೆ ಅನುಕೂಲವಾಯಿತು ಅನ್ನುವುದು ನನ್ನ ಲೆಕ್ಕ. ಅವರು ಕರೆದು ಕೂರಿಸಿಕೊಂಡು, ‘ಏನಪ್ಪಾ, ಮೋಸ ಮಾಡಿದವರು ಮುಚ್ಚಿಡ್ತಾರೆ, ನೀನು ಬರೆದೇ ಕೊಟ್ಟಿದ್ದೀಯಲ್ಲ’ ಅಂದರು. ಅವಕಾಶದ ಮುಂದೆ ಆ ಮಾತು ಬಂದರೆ ಸದುಪಯೋಗ, ಮನುಷ್ಯರ ಮುಂದೆ, ಅವರ ಒಳ್ಳೆತನದ ಮುಂದೆ ಬಂದರೆ ಹೆಚ್ಚು ಕಡಿಮೆ ದುರುಪಯೋಗ. ಆಮೇಲೆ ಯಾವ ಮೇಲ್‌ನಲ್ಲೂ ನಾನು ಅದನ್ನು ಬಳಸಿಲ್ಲ.

ಇಷ್ಟೆಲ್ಲ ನೆನಪಾಗಿದ್ದು ಅದೇ ಪುಟದ ಕೆಳಗಡೆ ಇದ್ದ ತಲೆಬರಹ ನೋಡಿ. ‘ಹಿರಿಯರ ಅಡ್ವಾಂಟೇಜ್ ಪಡೆದ ಕಿರಿಯ ಆಟಗಾರರು.’ ಆ ಹುಡುಗರು ಹಿರಿಯರಿಂದ ಕಲಿತರೋ, ಹಿರಿಯರಿಗೇ ಟೋಪಿ ಹಾಕಿದರೋ? ಸುದ್ದಿ ಪೂರ್ತಿ ಓದಿದರೂ ಗೊತ್ತಾಗಲಿಲ್ಲ.

ಇಂತಿ,
ನಿಮ್ಮ ಹಳೆಯ ಓದುಗ