ಬೋಣಿ ಆಯಿತು

ಹೋದ ಶುಕ್ರವಾರ ರಿಚ್ಮಂಡ್ ಟೌನಿನ ನಮ್ಮ ಹಳೇ ಮನೆ ಸೀರೆ ಅಂಗಡಿಯಾಗಿ ಬಾಗಿಲು ತೆರೆಯಿತು. ಬಂದವರಿಗೆ, ಬರಲಾಗದೆ ಫೋನ್ ಮಾಡಿದವರಿಗೆ, ಎಲ್ಲರಿಗೂ ನಮಸ್ಕಾರ. ಅಪ್ಪನ ಆಸ್ಪತ್ರೆ ಓಡಾಟ, ದಾಯಾದಿಗಳ ಕೇಸು, ಬ್ಯಾಂಕ್ ಸಾಲ ಎಲ್ಲ ನಿಮಗೆ ಗೊತ್ತಿರುವ ಕಥೆ. ಮತ್ತೆ ಬರೆಯಲ್ಲ.

ವಿಕ್ಟೋರಿಯಾ ರಾಣಿ ಕಾಲದ ಮನೆ ಅಂತ ತಾತ ಹೇಳುತ್ತಿದ್ದರು. 1947ರ ನಂತರ ಊರು ಬಿಟ್ಟು ಹೊರಟ ಆಂಗ್ಲೋ ಇಂಡಿಯನ್ ಕುಟುಂಬದಿಂದ ಕೊಂಡಿದ್ದು. ಚಾವಣಿಯ ಮಂಗಳೂರು ಹೆಂಚು ತಿರುಗಿಸಿದರೆ 1865 ಅಂತ ಅಚ್ಚು. ಅದೇ ಮನೆಯ ವಯಸ್ಸು ಅಂದುಕೊಂಡು ಸ್ಕೂಲಲ್ಲಿ ಜಂಬ ಕೊಚ್ಚಿದ್ದೆ. ಅದು ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆಯ ಇಸವಿ, ಮನೆಯದ್ದಲ್ಲ ಅಂತ ತಿಳಿದಿದ್ದು ಈ ಕೆಲಸ ಶುರುವಾದ ಮೇಲೆ. ಜಂಬ ಇಳಿಯಿತು.

ಭಾನುವಾರಗಳನ್ನೆಲ್ಲ ಕೊಟ್ಟು ದುಡ್ಡು ಮುಟ್ಟದ ಆರ್ಕಿಟೆಕ್ಟ್ ಗೆಳತಿಗೆ, ಮಳೆಗೆ ಲಡ್ಡು ಹಿಡಿದಿದ್ದ ಮಂಕಿ ಟಾಪಿನ ಒಂದೊಂದು ಪಟ್ಟಿಯನ್ನೂ ಹಳೇ ತೇಗದಲ್ಲೇ ಕೊಯ್ದು ಕೂರಿಸಿದ ಬಡಗಿಗಳಿಗೆ (ಕಿಟಕಿ ಮೇಲೆ ಚೂಪು ಟೋಪಿ ಥರ ಇರುತ್ತಲ್ಲ, ಅದೇ, ಕೋತಿಗೂ ಅದಕ್ಕೂ ಏನು ಸಂಬಂಧ ಅಂತ ನನ್ನನ್ನು ಕೇಳಬೇಡಿ), ಬಾಕಿಗೆ ಆತುರಪಡಿಸದ ಇಳಕಲ್ಲಿನ ನೇಕಾರರಿಗೆ, ಪಕ್ಕದ ಮನೆ ಆಂಟಿಯ ಕಾಫಿಗೆ, ನನ್ನ ಕೂಗಾಟ ಸಹಿಸಿದ ತಂಗಿಗೆ, ಒಂದೇ ಸಾಲಲ್ಲಿ ಥ್ಯಾಂಕ್ಸ್. ಕೋಪ ಬೇಡ. ಉಳಿದ ಜಾಗ ನಮ್ಮ ಗಾರೆ ಮೇಸ್ತ್ರಿಗೆ ಬೇಕು.

ಮಾಲೂರಿನವರು. ಅರವತ್ತು ದಾಟಿದೆ. ಮೊದಲು ಬಂದಿದ್ದ ಕಂಟ್ರಾಕ್ಟರು ಸುಣ್ಣದ ಗೋಡೆಗೆ ಸಿಮೆಂಟ್ ಮೆತ್ತಿ, ಅಡ್ವಾನ್ಸ್ ತಗೊಂಡು ಕಾಣೆಯಾಗಿದ್ದ. ಮೂರೇ ತಿಂಗಳಿಗೆ ಬಣ್ಣ ಗುಳ್ಳೆ ಎದ್ದು ಗೋಡೆ ಬೆವರತೊಡಗಿತು. ಮೇಸ್ತ್ರಿ ಬಂದವರೇ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ, ಕಿವಿಗೊಟ್ಟು ಕೇಳಿದರು. ಡಬಡಬ ಅಂದ ಕಡೆಯೆಲ್ಲ ಸೀಮೆಸುಣ್ಣದ ಗುರುತು. "ಒಳಗಿನ ತೇವಕ್ಕೆ ಆಚೆ ಹೋಗೋಕೆ ದಾರಿ ಇಲ್ಲ ತಾಯಿ. ಎಲ್ಲ ಕೀಳಬೇಕು." ಕಿತ್ತರು. ಹಿತ್ತಲಲ್ಲಿ ಗುಂಡಿ ತೋಡಿ, ಸುಣ್ಣ ಅರಳಿಸಿ, ವಾರಗಟ್ಟಲೆ ನೀರಲ್ಲಿ ಬಿಟ್ಟರು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ಮರಳಿನ ಜೊತೆ ಅರೆಸಿದರು. ಯಾವಾಗ ಮುಗಿಯುತ್ತೆ ಅಂತ ದಿನಾ ಪೀಡಿಸುತ್ತಿದ್ದೆ. "ಸುಣ್ಣಕ್ಕೇ ಹೇಳಿ ನೋಡಿ" ಅನ್ನುತ್ತಿದ್ದರು.

ಮೇ ತಿಂಗಳ ಆ ರಾತ್ರಿ ಅರ್ಧ ಚಾವಣಿಯ ಹೆಂಚು ಇಳಿಸಿತ್ತು. ಇಳಕಲ್ಲಿನಿಂದ ಅವತ್ತೇ ಬಂದ ಸೀರೆ ಗಂಟುಗಳು ನಡುಮನೆಯಲ್ಲಿದ್ದವು. ಏಳು ಗಂಟೆಗೆ ಗಾಳಿ ಎದ್ದಿತು, ಹಿಂದೆಯೇ ಆಲಿಕಲ್ಲು. ಮೇಲೆ ಕಟ್ಟಿದ್ದ ಟಾರ್ಪಾಲು ಹರಿದು ಪಟಪಟ ಬಡಿಯತೊಡಗಿತು. ಕರೆಂಟ್ ಹೋಯಿತು. ನಾನೊಬ್ಬಳೇ. ಆಗ ಗೇಟಿನ ಸದ್ದಾಯಿತು. ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಮಾಲೂರಿನ ರೈಲಿಗೆ ಕಾಯುತ್ತಿದ್ದವರು ಆಕಾಶ ನೋಡಿ ವಾಪಸ್ ಬಂದಿದ್ದರು. ತೊಯ್ದು ತೊಪ್ಪೆಯಾಗಿದ್ದರು.

ಇನ್ನೊಂದು ಟಾರ್ಪಾಲು ಇದ್ದದ್ದು ಮುಂದಿನ ಗೋಡೆಗೆ, ಅವರು ಮೂರು ದಿನದಿಂದ ಬಳಿದಿದ್ದ ಹಸಿ ಗಾರೆಯ ಮೇಲೆ. ಅದನ್ನೇ ಕಿತ್ತು ತಂದು ಗಂಟುಗಳಿಗೆ ಹೊದಿಸಿದರು. ಬೇಡ ಬೇಡ ಅಂದೆ. "ಗಾರೆ ನಂದು, ಮತ್ತೆ ಬಳೀತೀನಿ. ಸೀರೆ ಬೇರೆಯವರದ್ದಲ್ವಾ" ಅಂದರು.

ಎರಡು ಗಂಟೆ ಹೊತ್ತಿಗೆ ಮಳೆ ನಿಂತಿತು. ಜಗಲಿ ಮೆಟ್ಟಿಲ ಮೇಲೆ ಕೂತು ಅತ್ತೆ. ಅಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ. ಮಾರಿಬಿಡ್ತೀನಿ ಮೇಸ್ತ್ರಿ, ಯಾರಾದರೂ ಒಡೆದು ಅಪಾರ್ಟ್‌ಮೆಂಟ್ ಕಟ್ಟಿಕೊಳ್ಳಲಿ ಅಂದೆ. ಅವರು ಸಮಾಧಾನ ಹೇಳಲಿಲ್ಲ. ನೆಂದ ಬೀಡಿ ಕಟ್ಟು ಬಿಚ್ಚಿ, ಒಂದೊಂದೇ ಬೀಡಿಯನ್ನು ಮೆಟ್ಟಿಲ ಮೇಲೆ ಒಣಗಲು ಇಟ್ಟರು. ಆಮೇಲೆ, "ನಿಮ್ಮಪ್ಪಾಜಿ ಎಲ್ಲಿ ಕೂರ್ತಿದ್ರು?" ಅಂತ ಕೇಳಿದರು. ತೋರಿಸಿದೆ. ಬೆಳಗಾಗುವ ತನಕ ಅಪ್ಪನ ಬಗ್ಗೆಯೇ ಮಾತಾಡಿದೆ. ಅವರು ಹ್ಞೂಂ ಅನ್ನುತ್ತಾ ಕೂತಿದ್ದರು.

ಬೆಳಕಾದಾಗ ಮುಂದಿನ ಗೋಡೆಯ ಗಾರೆ ಒಡೆದ ಹಾಲಿನ ಹಾಗೆ ಅಂಗಳದಲ್ಲಿ ಬಿದ್ದಿತ್ತು. ಆ ಮೂರು ದಿನದ ಕೂಲಿಯನ್ನು ಅವರು ಇವತ್ತಿಗೂ ಲೆಕ್ಕಕ್ಕೆ ಹಿಡಿದಿಲ್ಲ.

ಶುಕ್ರವಾರ ಬಿಳಿ ಷರಟು ಹಾಕಿಕೊಂಡು, ಹೆಂಡತಿಯನ್ನೂ ಕರೆದುಕೊಂಡು ಬಂದರು. ಮೊದಲು ಗೋಡೆ ತಟ್ಟಿದರು. ಆಮೇಲೆ ಒಂದು ಇಳಕಲ್ ಸೀರೆಯ ಮೈ ಮತ್ತು ಸೆರಗು ಕೂಡುವ ಜಾಗದಲ್ಲಿ ಬೆರಳಾಡಿಸಿ, "ಇಲ್ಲಿ ಜೋಡಿಸಿದ್ದಾರೆ ಅಲ್ವಾ?" ಅಂದರು. ಹೌದು. ಮೈಯ ನೂಲಿಗೆ ಸೆರಗಿನ ರೇಷ್ಮೆಯನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಎಷ್ಟು ಜನ ಗಿರಾಕಿಗಳಿಗೆ ಅದು ಕಾಣುತ್ತೆ ಹೇಳಿ.

ಅದೇ ಸೀರೆಯನ್ನು ಅವರ ಹೆಂಡತಿಯ ಕೈಗಿಟ್ಟೆ. ಮೇಸ್ತ್ರಿ ಜೇಬಿಗೆ ಕೈ ಹಾಕಿದರು. ಬೇಡ ಅಂತ ಜಗಳಾಡಿದೆ. "ಬೋಣಿ ಪುಕ್ಕಟೆ ಆಗಬಾರದು ತಾಯಿ" ಅನ್ನುತ್ತಾ ನೂರರ ನೋಟನ್ನು ಗಲ್ಲಾಪೆಟ್ಟಿಗೆಗೆ ತಾವೇ ಹಾಕಿದರು. ಮೂಲೆಯಲ್ಲಿ ಸುಣ್ಣ ಅಂಟಿದೆ. ಅದನ್ನು ಇನ್ನೂ ಯಾರಿಗೂ ಚಿಲ್ಲರೆಗೆ ಕೊಟ್ಟಿಲ್ಲ.